ಮುಂದಿನ ಮಾಸ್ಕ್ ಆದೇಶಕ್ಕೆ ಒಂದು ಪ್ಯಾರಾ ಸೇರಿಸಿ: ಆರೋಗ್ಯ ಇಲಾಖೆಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸಾಂಕ್ರಾಮಿಕ ರೋಗದ ಕಾಲದಲ್ಲಿ ಹೊರಡಿಸುವ ಮಾಸ್ಕ್ ಆದೇಶಗಳಲ್ಲಿ ಕಿವಿ ಕೇಳದವರಿಗೆ ಅವಕಾಶ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾನು ಅಂಚೆ ಇಲಾಖೆಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ವಯಸ್ಸು ಮೂವತ್ತು ದಾಟುತ್ತಿದ್ದಂತೆ ನನ್ನ ಎರಡೂ ಕಿವಿ ಮಂದವಾಗುತ್ತಾ ಬಂದವು. ಕಿವಿ ಮಿಷನ್ ಹಾಕಿಕೊಂಡರೆ ಸದ್ದು ಬರುತ್ತದೆ, ಮಾತು ಬಿಡಿಬಿಡಿಯಾಗಿ ಬರುವುದಿಲ್ಲ. ಬಾಕಿ ಇದ್ದದ್ದನ್ನು ಎದುರಿಗಿರುವವರ ಬಾಯಿ ನೋಡಿ ತುಂಬಿಸಿಕೊಳ್ಳುತ್ತೇನೆ. ಹೀಗೆ ಅರ್ಧ ಕಿವಿ, ಅರ್ಧ ಕಣ್ಣು ಕೂಡಿಸಿಕೊಂಡು ಆರ್‌ಡಿ ಕಟ್ಟಿಸಿಕೊಂಡಿದ್ದೇನೆ, ಮನಿಯಾರ್ಡರ್ ಬರೆದುಕೊಂಡಿದ್ದೇನೆ, ಪಾಸ್‌ಬುಕ್ ಕಳೆದುಕೊಂಡು ಅಳುತ್ತಾ ಬಂದವರಿಗೆ ಸಮಾಧಾನ ಹೇಳಿದ್ದೇನೆ. ನನಗೆ ಕೇಳಿಸುವುದಿಲ್ಲ ಎಂಬುದು ಎಷ್ಟೋ ಗ್ರಾಹಕರಿಗೆ ಗೊತ್ತೇ ಇರಲಿಲ್ಲ. 2020ರಲ್ಲಿ ಎಲ್ಲರಿಗೂ ಒಂದೇ ಸಲ ಗೊತ್ತಾಯಿತು.

ಈ ಪತ್ರ ಮಾಸ್ಕ್‌ಗೆ ವಿರುದ್ಧವಾದದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಎರಡನೇ ಅಲೆ ನಮ್ಮ ಬೀದಿಯನ್ನೂ ಬಿಡಲಿಲ್ಲ. ನಾನೂ ಮಾಸ್ಕ್ ಹಾಕಿದ್ದೇನೆ, ಹಾಕದೆ ಬಂದವರನ್ನು ಕೌಂಟರಿನಿಂದ ವಾಪಸ್ ಕಳಿಸಿದ್ದೇನೆ. ಮಾಸ್ಕ್ ಎಂಬುದೇ ಮೋಸ ಎಂದು ವಾಟ್ಸ್ಆ್ಯಪಿನಲ್ಲಿ ಬರೆಯುವವರ ಸಾಲಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ನನ್ನ ತಕರಾರು ಬಟ್ಟೆಯ ಮೇಲಲ್ಲ, ಆದೇಶದ ಒಕ್ಕಣೆಯ ಮೇಲೆ. ಮಾತು ಅಂದರೆ ಕಿವಿಗೆ ಬೀಳುವ ಸದ್ದು ಅಷ್ಟೇ ಎಂದುಕೊಂಡು ಬರೆದ ಆದೇಶ ಅದು. ಬಾಯಿ ನೋಡಿದರೆ ಮಾತ್ರ ಅರ್ಥವಾಗುವ ಜನರೂ ಈ ರಾಜ್ಯದಲ್ಲಿದ್ದಾರೆ ಎಂಬುದು ಅದರ ಯಾವ ಸಾಲಿನಲ್ಲೂ ಇರಲಿಲ್ಲ.

ಮಾಸ್ಕ್ ಹಾಕಿದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಳುವ ಕಿವಿ ಇರುವವರಿಗೆ ಇದು ಗಮನಕ್ಕೆ ಬರುವಂಥದ್ದಲ್ಲ. ತುಟಿ ಮುಚ್ಚುವುದು ಒಂದು ತೊಂದರೆ. ಮಾತಿನಲ್ಲಿರುವ ತೆಳುವಾದ, ಏರುದನಿಯ ಅಂಶವನ್ನು ಬಟ್ಟೆ ನುಂಗುವುದು ಇನ್ನೊಂದು. ಸ, ಶ, ಚ ಇವೆಲ್ಲ ಸ್ಪಷ್ಟವಾಗುವುದು ಆ ಅಂಶದಿಂದಲೇ. ಸಾಮಾನ್ಯ ಸರ್ಜಿಕಲ್ ಮಾಸ್ಕ್ ಅದನ್ನು ಮೂರು ನಾಲ್ಕು ಡೆಸಿಬಲ್ ಇಳಿಸಿದರೆ, ಎನ್-95 ಸುಮಾರು 12 ಡೆಸಿಬಲ್‌ವರೆಗೂ ಇಳಿಸುತ್ತದೆ. ವಯಸ್ಸಾದಂತೆ ಕಿವಿಯಿಂದ ಮೊದಲು ಹೋಗುವುದೂ ಇದೇ ಏರುದನಿ. ಇದರ ಮೇಲೆ ಆರು ಅಡಿ ಅಂತರ ಬೇರೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಇನ್ನೂ 6 ಡೆಸಿಬಲ್ ಕಡಿಮೆ. ನಮ್ಮ ಕಚೇರಿಯಲ್ಲಿ ಕೌಂಟರಿನ ಮುಂದೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು, ತಲೆಯ ಮೇಲೆ ಫ್ಯಾನ್ ಗರಗರ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ವಕೀಲರೊಬ್ಬರ ಗುಮಾಸ್ತರು ಬಂದು ಸ್ಟಾಂಪು ಕೇಳಿದರು. ಮೂರೋ ನೂರೋ ತಿಳಿಯಲಿಲ್ಲ. ಈ ಎರಡು ಮಾತು ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತವೆ; ಮಕಾರಕ್ಕೆ ತುಟಿ ಕೂಡುತ್ತದೆ, ನಕಾರಕ್ಕೆ ಕೂಡುವುದಿಲ್ಲ, ನನಗಿದ್ದ ಗುರುತು ಅದೊಂದೇ. ಬೆರಳಲ್ಲಿ ತೋರಿಸಿ ಅಂದೆ. "ಕಿವಿ ಕೇಳಲ್ವಾ? ಇಂಥೋರನ್ನ ಯಾಕೆ ಕೂರಿಸ್ತಾರೋ" ಎಂದು ಅವರು ಅಂದದ್ದನ್ನು ಆಮೇಲೆ ಪಕ್ಕದ ಕೌಂಟರಿನವರು ಹೇಳಿದರು. ಆ ಹೊತ್ತಿಗೆ ನನಗೆ ಕಂಡದ್ದು ಸಾಲಿನಲ್ಲಿ ನಿಂತಿದ್ದವರ ಕಣ್ಣಂಚು ಸುಕ್ಕಾದದ್ದು ಮಾತ್ರ. ನಗುತ್ತಿದ್ದಾರೆ ಎಂದು ಗೊತ್ತಾಯಿತು. ಯಾಕೆ ಎಂದು ಗೊತ್ತಾಗಲಿಲ್ಲ.

ಇಂಥ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಶ್ರವಣದೋಷ ಇರುವವರು ಎರಡು ಲಕ್ಷಕ್ಕೂ ಹೆಚ್ಚು. ವಯಸ್ಸಾಗಿ ಕಿವಿ ಮಂದವಾದರೂ ಯಾವ ಪರೀಕ್ಷೆಗೂ ಹೋಗದ, ಯಾವ ಪಟ್ಟಿಯಲ್ಲೂ ಇಲ್ಲದ ಹಿರಿಯರು ಎಷ್ಟೋ ಮಂದಿ. ಪಿಂಚಣಿ ತೆಗೆಯಲು ಬರುತ್ತಿದ್ದ ಅಜ್ಜಿಯರಲ್ಲಿ ಹಲವರು ತಮಗೇ ಗೊತ್ತಿಲ್ಲದಂತೆ ಬಾಯಿ ನೋಡಿ ತಿಳಿಯುತ್ತಿದ್ದವರು. ನನಗೆ ಅದು ಕೂಡಲೇ ಗೊತ್ತಾಗುತ್ತದೆ, ಒಂದೇ ಕಸುಬಿನವರಲ್ಲವೇ. ಮಾಸ್ಕ್ ಬಂದ ಮೇಲೆ ಅವರು ಕೇಳಿದ್ದಕ್ಕೆಲ್ಲ ಹೂಂ ಎನ್ನತೊಡಗಿದರು. "ಹೆಬ್ಬೆಟ್ಟು ಇಡಿ" ಅಂದರೂ ಹೂಂ, "ನಾಳೆ ಬನ್ನಿ" ಅಂದರೂ ಹೂಂ. ಅಮ್ಮನಿಗೆ ಅರಳುಮರಳು ಶುರುವಾಗಿದೆ ಎಂದು ಜೊತೆಗೆ ಬಂದ ಮಕ್ಕಳೇ ಹೇಳುತ್ತಿದ್ದರು. ಬುದ್ಧಿಗೇನೂ ಆಗಿರಲಿಲ್ಲ, ಎದುರಿನವರ ಬಾಯಿ ಕಾಣುತ್ತಿರಲಿಲ್ಲ. ಆದರೆ ಮನೆಯಲ್ಲಿ ಒಮ್ಮೆ ಆ ಹೆಸರು ಬಿತ್ತೆಂದರೆ ಮುಗಿಯಿತು: ದುಡ್ಡಿನ ವಿಷಯ ಅವರ ಹತ್ತಿರ ಮಾತಾಡುವುದಿಲ್ಲ, ಮದುವೆ ಮುಂಜಿಗೆ ಕರೆದುಕೊಂಡು ಹೋಗುವುದಿಲ್ಲ, ಟಿವಿ ಮುಂದೆ ಕೂರಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಸೋಂಕಿನ ಲೆಕ್ಕವನ್ನು ದಿನಾ ಸಂಜೆ ಕೊಡುತ್ತಿದ್ದಿರಿ, ಅದಕ್ಕೆ ನಾನು ಕೃತಜ್ಞಳು. ಅಚ್ಚಾದ ಆ ಬುಲೆಟಿನ್ ನನ್ನಂಥವರಿಗೆ ಟಿವಿಗಿಂತ ದೊಡ್ಡ ಉಪಕಾರ ಮಾಡಿತು. ಈ ಅಜ್ಜಿಯರು ಮಾತ್ರ ಯಾವ ಬುಲೆಟಿನ್ನಿಗೂ ಬರಲಿಲ್ಲ.

ಇನ್ನು ದಂಡದ ವಿಷಯ. 2020ರ ಕೊನೆಯ ತಿಂಗಳುಗಳಲ್ಲಿ ಒಂದು ದಿನ ನಮ್ಮೂರ ತರಕಾರಿ ಬೀದಿಯಲ್ಲಿ ನಾನೂ ನನ್ನ ಅಣ್ಣನ ಮಗಳೂ ನಿಂತಿದ್ದೆವು. ಬಯಲು ಜಾಗ, ಸುತ್ತ ಯಾರೂ ಒತ್ತಿಕೊಂಡಿರಲಿಲ್ಲ. ಅವಳು ನನಗೆ ಏನೋ ಹೇಳಲು ಮಾಸ್ಕ್ ಇಳಿಸಿದಳು, ಎರಡು ಮಾತು ಆಡಿದಳು, ಏರಿಸಿಕೊಂಡಳು. ಅಷ್ಟರಲ್ಲಿ ರಸೀದಿ ಪುಸ್ತಕ ಹಿಡಿದವರು ಬಂದರು. "ಅತ್ತೆಗೆ ಕಿವಿ ಕೇಳಲ್ಲ ಸರ್, ಬಾಯಿ ನೋಡಿದ್ರೇನೇ ತಿಳಿಯೋದು" ಎಂದಳು. ನನ್ನ ಕಿವಿ ಮಿಷನನ್ನೂ ತೋರಿಸಿದಳು. ಅವರೇನೂ ಒರಟು ಮನುಷ್ಯರಲ್ಲ. "ನೀವು ಹೇಳೋದು ಸರೀನೇ ಮೇಡಂ, ಆದ್ರೆ ಅದೆಲ್ಲ ಆರ್ಡರ್‌ನಲ್ಲಿಲ್ಲ" ಎಂದು 250 ರೂಪಾಯಿಗೆ ರಸೀದಿ ಹರಿದುಕೊಟ್ಟರು.

ಅವರು ಹೇಳಿದ್ದು ನಿಜ, ಆರ್ಡರ್‌ನಲ್ಲಿ ಇರಲಿಲ್ಲ. ಆದ್ದರಿಂದಲೇ ಈ ಪತ್ರವನ್ನು ಅವರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ತಮಗೆ ನೆನಪಿರಬಹುದು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಸರ್ಕಾರ ಮಾಸ್ಕ್ ದಂಡವನ್ನು ನಗರಗಳಲ್ಲಿ 1000 ರೂಪಾಯಿಗೂ ಉಳಿದ ಕಡೆ 500 ರೂಪಾಯಿಗೂ ಏರಿಸಿತು. ಜನ ಬೊಬ್ಬೆ ಹೊಡೆದರು. ಸುಮಾರು ಒಂದು ವಾರದಲ್ಲಿ ಅದು 250 ಮತ್ತು 100ಕ್ಕೆ ಇಳಿಯಿತು. ಅಂದರೆ ಹೊರಡಿಸಿದ ಆದೇಶವನ್ನು ವಾರದೊಳಗೆ ತಿದ್ದುವುದು ಸರ್ಕಾರಕ್ಕೆ ಬರುತ್ತದೆ, ಆಗದ ಕೆಲಸವೇನಲ್ಲ. ಬೊಬ್ಬೆ ಹೊಡೆಯಲು ಬಾರದವರ ವಿಷಯಕ್ಕೆ ಬಂದಾಗ ಮಾತ್ರ ತಿದ್ದುಪಡಿ ಬರಲಿಲ್ಲ.

ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್ 5ರಂದು ಜನಸಾಮಾನ್ಯರೂ ಬಟ್ಟೆ ಮಾಸ್ಕ್ ಹಾಕುವ ಬಗ್ಗೆ ಹೊಸ ಮಾರ್ಗಸೂಚಿ ಕೊಟ್ಟಿತಲ್ಲ, ಅದರಲ್ಲೇ ಮಾಸ್ಕ್‌ನಿಂದ ಆಗಬಹುದಾದ ತೊಂದರೆಗಳ ನಡುವೆ ತುಟಿ ನೋಡಿ ತಿಳಿಯುವ ಕಿವುಡರ ಕಷ್ಟವೂ ಇದೆ. ಇಂಗ್ಲೆಂಡಿನವರು ಆ ಬೇಸಿಗೆಯಲ್ಲಿ ಮಾಸ್ಕ್ ಕಡ್ಡಾಯ ಮಾಡಿದಾಗ, ತುಟಿ ನೋಡಿ ತಿಳಿಯುವವರ ಜೊತೆಗಿದ್ದು ನೆರವಾಗುವವರಿಗೆ ವಿನಾಯಿತಿ ಕೊಟ್ಟು ನಿಯಮದಲ್ಲೇ ಬರೆದರು. ನಮ್ಮಲ್ಲಿ ಕಾನೂನಿಗೂ ಕೊರತೆ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್, ವಿಪತ್ತಿನ ಸಂದರ್ಭಗಳಲ್ಲಿ ನಮಗೂ ಸಮಾನ ರಕ್ಷಣೆ ಸಿಗಬೇಕು ಎನ್ನುತ್ತದೆ. 25ನೇ ಸೆಕ್ಷನ್ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳೂ ಅಡೆತಡೆ ಇಲ್ಲದೆ ಸಿಗಬೇಕು ಎನ್ನುತ್ತದೆ. ಅಡೆತಡೆ ಎಂದ ಕೂಡಲೇ ನಮ್ಮ ಕಚೇರಿಗಳಿಗೆ ನೆನಪಾಗುವುದು ಮೆಟ್ಟಿಲು ಮತ್ತು ರ‍್ಯಾಂಪ್. ರ‍್ಯಾಂಪ್ ಬೇಕೇ ಬೇಕು. ಆದರೆ ಕಿವಿ ಕೇಳದವರು ರ‍್ಯಾಂಪ್ ಹತ್ತಿ ಒಳಗೆ ಹೋದ ಮೇಲೆ ಅಲ್ಲಿ ಏನಾಗುತ್ತದೆ, ಅದನ್ನೂ ತಾವು ತಿಳಿಯಬೇಕು.

2021ರ ಮೇ ತಿಂಗಳಲ್ಲಿ ನಮ್ಮ ಯಜಮಾನರಿಗೆ ಜ್ವರ, ಉಸಿರಿನ ಕಷ್ಟ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆ ದಿನಗಳಲ್ಲಿ ಎಲ್ಲ ಆಸ್ಪತ್ರೆಗಳ ಪರಿಸ್ಥಿತಿಯೂ ಒಂದೇ ಆಗಿತ್ತು, ಅಲ್ಲಿನವರು ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದರು. ಒಪಿಡಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ಅವರು ಕಣ್ಣು ಮುಚ್ಚಿ ಒರಗಿದ್ದರು, ಕರೆದರೆ ಕೇಳಿಸಿಕೊಳ್ಳಬೇಕಾದವಳು ನಾನು. ಒಳಗಿನಿಂದ ಹೆಸರು ಕೂಗುತ್ತಿದ್ದರು, ಕೂಗುವವರ ಮುಖದ ಮೇಲೆ ಎರಡು ಪದರ ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ ಶೀಲ್ಡ್. ನಮ್ಮ ನಂತರ ಬಂದವರೆಲ್ಲ ಎದ್ದು ಹೋಗುತ್ತಿರುವುದು ಕಂಡು ನಾನೇ ಎದ್ದು ಕೇಳಿದಾಗ, ನಮ್ಮ ಹೆಸರು ಆಗಲೇ ಎರಡು ಸಲ ಕರೆದಾಗಿತ್ತು. ಡಾಕ್ಟರು ನೋಡಿದರು, ಮಾತ್ರೆ ಬರೆದರು, ಮನೆಯಲ್ಲೇ ಇರಬಹುದು ಎಂದರು. ಇದೂ ನನಗೆ ಆಮೇಲೆ ತಿಳಿದದ್ದು. ಮಾತ್ರೆ ಕೊಡುವ ಕಿಟಕಿಯಲ್ಲಿ ಯಾವುದನ್ನು ಯಾವಾಗ ಎಂದು ಬಾಯಲ್ಲಿ ಹೇಳಿ ಮುಂದಿನವರನ್ನು ಕರೆದರು. ಬರೆದುಕೊಡಿ ಎಂದೆ. ತಲೆ ಆಡಿಸಿದರು, ಹಿಂದಿನ ಸಾಲು ತೋರಿಸಿದರು. ಮೊಬೈಲಿನಲ್ಲಿ ಮಾತನ್ನು ಅಕ್ಷರ ಮಾಡುವ ಆ್ಯಪ್ ಹಿಡಿದೆ, ಆ ಗದ್ದಲದಲ್ಲಿ ಅದು ಬರೆದದ್ದು ಕನ್ನಡವೂ ಆಗಿರಲಿಲ್ಲ. ಕಡೆಗೆ ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ಬಂದು ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡು ಕಿಟಕಿಯವರನ್ನು ಕೇಳಿ, ಕೈಗವಸಿನ ಖಾಲಿ ಡಬ್ಬಿಯ ರಟ್ಟು ಹರಿದು ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟರು: "ಬಿಳೇದು ಬೆಳಿಗ್ಗೆ 1 ರಾತ್ರಿ 1 ಊಟ ಆದ್ಮೇಲೆ. ಹಳದಿ ಬರೀ ರಾತ್ರಿ. ಉಸಿರು ಜಾಸ್ತಿ ಆದ್ರೆ ವಾಪಸ್ ಬರ್ಬೇಕು."

ಇಲಾಖೆ ಮಾಡಬೇಕಾಗಿದ್ದ ಕೆಲಸ ಇಷ್ಟೇ ಮಾನ್ಯರೇ. ಅದನ್ನು ದಿನಗೂಲಿಯ ಒಬ್ಬ ಹೆಣ್ಣುಮಗಳು, ಯಾರೂ ಹೇಳದೆ, ಎರಡು ನಿಮಿಷದಲ್ಲಿ ಮಾಡಿದರು.

ಮನೆಗೆ ಬಂದ ಮೇಲಿನದು ಬೇರೆಯೇ ಫಜೀತಿ. ಆಗ ಸಹಾಯ ಅಂದರೆ ಫೋನ್. ಕೋವಿಡ್ ಸಹಾಯವಾಣಿ ಆಪ್ತಮಿತ್ರದ 14410, ಆರೋಗ್ಯ ಸಹಾಯವಾಣಿಯ 104, ಆಂಬುಲೆನ್ಸಿಗೆ 108, ಎಲ್ಲವೂ ಮಾತಾಡುವ ನಂಬರುಗಳು. ಮನೆಯಲ್ಲಿರುವ ರೋಗಿ ಹೇಗಿದ್ದಾರೆ ಎಂದು ಕೇಳುವುದೂ ಫೋನಿನಲ್ಲೇ. ರೋಗಿ ಮಾತಾಡುವ ಸ್ಥಿತಿಯಲ್ಲಿಲ್ಲ, ನೋಡಿಕೊಳ್ಳುವವಳಿಗೆ ಕೇಳುವುದಿಲ್ಲ. ಪಕ್ಕದ ಮನೆಯ ಹುಡುಗ ಕಾಂಪೌಂಡಿನ ಆಚೆ ನಿಂತು ನಮ್ಮ ಪರವಾಗಿ ಮಾತಾಡುತ್ತಿದ್ದ. ಯಜಮಾನರು ಉಳಿದರು. ಅಂಥ ಪಕ್ಕದ ಮನೆ ಇಲ್ಲದವರ ಗತಿ ಏನಾಯಿತೋ.

ಚಿಕ್ಕದಾಗಿ ಕಂಡರೂ ದುಬಾರಿಯಾದ ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಕಿವಿ ಮಿಷನ್ ಕೂರುವುದು ಕಿವಿಯ ಹಿಂದೆ, ಮಾಸ್ಕಿನ ದಾರ ಸಿಕ್ಕಿಸುವುದೂ ಅಲ್ಲೇ, ಕನ್ನಡಕದ ಕಡ್ಡಿಯೂ ಅಲ್ಲೇ. ಅವಸರದಲ್ಲಿ ಮಾಸ್ಕ್ ಎಳೆದರೆ ಮಿಷನ್ ಹಾರಿಹೋಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಕಳೆದುಕೊಂಡವರನ್ನು ಬಲ್ಲೆ, ಸಾವಿರಗಟ್ಟಲೆ ದುಡ್ಡಿನ ಮಾಲು ಅದು. ತಲೆಯ ಹಿಂದೆ ಕಟ್ಟುವ ಮಾಸ್ಕ್ ಹಾಕಿದರೆ ಈ ಕಷ್ಟವೇ ಇಲ್ಲ. ಇದನ್ನು ಹೇಳಲು ತಜ್ಞರ ಸಮಿತಿ ಬೇಡ, ಭಿತ್ತಿಪತ್ರದಲ್ಲಿ ಒಂದು ಸಾಲು ಸಾಕಿತ್ತು.

ಸಂಜ್ಞಾ ಭಾಷೆ ಬಳಸುವವರಿಗೇನು, ಕೈಯಲ್ಲಿ ಮಾತಾಡಿಕೊಳ್ಳುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಆ ಭಾಷೆ ಬರೀ ಕೈಯದ್ದಲ್ಲ. ಕೇಳುತ್ತಿರುವುದು ಪ್ರಶ್ನೆಯೋ, ಹೇಳುತ್ತಿರುವುದು ಇಲ್ಲವೆಂದೋ, ಸಿಟ್ಟೋ ತಮಾಷೆಯೋ ಎಂಬುದೆಲ್ಲ ಹುಬ್ಬು, ಕೆನ್ನೆ, ಬಾಯಿಯಲ್ಲಿ ಇರುತ್ತದೆ. ಅರ್ಧ ಮುಖ ಮುಚ್ಚಿದರೆ ಅವರ ಮಾತಿನ ವ್ಯಾಕರಣಕ್ಕೇ ಪೆಟ್ಟು.

ಈಗ್ಯಾಕೆ ಈ ಮಾತು, ಕೋವಿಡ್ ಮುಗಿಯಿತಲ್ಲ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಟಿಪ್ಪಣಿ ಬರೆಯಬಹುದು. 2022ರ ಡಿಸೆಂಬರಿನಲ್ಲಿ ಹೊಸ ತಳಿಯ ಭಯ ಬಂದಾಗ ಸಿನಿಮಾ ಮಂದಿರ, ಶಾಲಾ ಕಾಲೇಜುಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯವಾಯಿತು. 2023ರ ಡಿಸೆಂಬರಿನಲ್ಲಿ ಕೋವಿಡ್‌ನ ಜೆಎನ್.1 ತಳಿ ಬಂದಾಗ 60 ದಾಟಿದವರು ಮಾಸ್ಕ್ ಹಾಕಬೇಕು ಎಂದು ಸರ್ಕಾರ ಸಲಹೆ ಕೊಟ್ಟಿತು. 60 ದಾಟಿದವರು, ಗಮನಿಸಿ. ಕಿವಿ ಹೋಗುವ ವಯಸ್ಸೇ ಅದು. ಜೊತೆಗೆ, ಆಸ್ಪತ್ರೆಗಳಲ್ಲಿ ಮಾಸ್ಕ್ ಹೋಗಿಯೇ ಇಲ್ಲ, ಹೋಗಬೇಕೆಂದು ನಾನು ಹೇಳುವುದೂ ಇಲ್ಲ. ಕ್ಷಯದ ವಾರ್ಡಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಆಪರೇಷನ್‌ಗೆ ಮುಂಚೆ, ಮುಖ ಮುಚ್ಚಿದವರ ಮಾತು ನನ್ನಂಥವರಿಗೆ ಇವತ್ತೂ ತಿಳಿಯುವುದಿಲ್ಲ. ರೋಗ ಬಂದು ಕುತ್ತಿಗೆಗೆ ಕೂತಾಗ ಆದೇಶಗಳು ರಾತ್ರೋರಾತ್ರಿ ತಯಾರಾಗುತ್ತವೆ, ಆಗ ನಮ್ಮನ್ನು ನೆನೆಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಪುರುಸೊತ್ತು ಇರುವುದು ಈಗ.

ಆದ್ದರಿಂದ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲು, ಮುಂದಿನ ಯಾವ ಮಾಸ್ಕ್ ಆದೇಶವೇ ಆಗಲಿ, ಅದರ ನಮೂನೆಯಲ್ಲೇ ಒಂದು ಪ್ಯಾರಾ ಸೇರಿಸಿಡಿ: ಕಿವಿ ಕೇಳದವರೊಂದಿಗೆ ಮಾತಾಡುವವರು ಬಯಲಿನಲ್ಲಿ, ಅಂತರ ಕಾಯ್ದುಕೊಂಡು, ಮಾತು ಮುಗಿಯುವವರೆಗೆ ಮಾಸ್ಕ್ ಇಳಿಸಬಹುದು, ಅದಕ್ಕೆ ದಂಡವಿಲ್ಲ ಎಂದು. ಇದಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ತೋರಿಸಿ ಎಂದು ಷರತ್ತು ಹಾಕಬೇಡಿ. ಶೇ 40 ನ್ಯೂನತೆ ಎಂದು ಪ್ರಮಾಣಪತ್ರ ಮಾಡಿಸಿಕೊಂಡವರಿಗಿಂತ ಮಾಡಿಸಿಕೊಳ್ಳದ ಮುದುಕ ಮುದುಕಿಯರಿಗೇ ಇದು ಹೆಚ್ಚು ಬೇಕು. ಇದನ್ನೇ ನೆಪ ಮಾಡಿಕೊಂಡು ಯಾರೋ ಕೆಲವರು ಸುಳ್ಳು ಹೇಳಿಯಾರು ಎಂಬ ಅಳುಕು ತಮಗಿದ್ದರೆ, ಗಲ್ಲಕ್ಕೆ ಮಾಸ್ಕ್ ನೇತುಹಾಕಿಕೊಂಡು ಮೆರವಣಿಗೆ, ಸಭೆ ಮಾಡಿದವರನ್ನು ಸರ್ಕಾರ ಎಷ್ಟು ಬಿಗಿಯಾಗಿ ಹಿಡಿಯಿತು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಸರು ಕೂಗುವ ಬದಲು ನಂಬರ್ ಕಾಣುವ ಬೋರ್ಡು ಇರಲಿ, ಅದಾಗದಿದ್ದರೆ ಚೀಟಿಯ ನಂಬರನ್ನು ಸೀಮೆಸುಣ್ಣದಲ್ಲಿ ಬರೆದರೂ ಆದೀತು. ಔಷಧಿ ಕೊಡುವ ಕಿಟಕಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಕನ್ನಡದಲ್ಲಿ ಅಚ್ಚು ಹಾಕಿದ ಸಣ್ಣ ಚೀಟಿ ಇಟ್ಟು ಗುರುತು ಹಾಕಿಕೊಡಲಿ. ಇದರಿಂದ ಕಿವಿ ಕೇಳುವವರಿಗೂ ಅನುಕೂಲವೇ. ಪಾರದರ್ಶಕ ಕಿಟಕಿ ಇರುವ ಮಾಸ್ಕ್ ಎಲ್ಲರಿಗೂ ಬೇಡ. ಅದು ಆವಿ ಕಟ್ಟುತ್ತದೆ, ಸದ್ದನ್ನು ಬಟ್ಟೆಗಿಂತ ಹೆಚ್ಚೇ ತಡೆಯುತ್ತದೆ, ನನಗೆ ಗೊತ್ತು. ಆದರೂ ತುಟಿ ಕಾಣುತ್ತದೆ, ತುಟಿಯನ್ನೇ ನೆಚ್ಚಿದವರಿಗೆ ಅದು ದೊಡ್ಡದು. ಪ್ರತಿ ಒಪಿಡಿಯಲ್ಲಿ ಒಬ್ಬರ ಹತ್ತಿರವಾದರೂ ಇರಲಿ. ಯಾವುದು ಯಾರಿಗೆ ಸರಿ ಎಂದು ಕೇಳಲು ದೂರ ಹೋಗಬೇಕಿಲ್ಲ: ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಆದೇಶದ ಕರಡನ್ನು ಅವರಿಗೂ, ರಾಜ್ಯದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಆಯುಕ್ತರಿಗೂ ತೋರಿಸಿ ಹೊರಡಿಸಿ.

ಸಹಾಯವಾಣಿಗಳಿಗೆ ಅಕ್ಷರದಲ್ಲಿ ಬರೆದು ಕೇಳುವ ದಾರಿಯೊಂದನ್ನು, ಎಸ್ಎಂಎಸ್ ಆಗಲಿ ವಾಟ್ಸ್ಆ್ಯಪ್ ಆಗಲಿ, ಕಾಯಂ ಆಗಿ ಇಡಿ. ಟಿವಿಯಲ್ಲಿ ಸುದ್ದಿಗೋಷ್ಠಿ ನಡೆಸುವ ಮಂತ್ರಿಗಳ ಪಕ್ಕದಲ್ಲಿ ಸಂಜ್ಞಾ ಭಾಷೆ ಬಲ್ಲವರು ನಿಲ್ಲಲಿ, ಕೆಳಗೆ ಕನ್ನಡ ಅಕ್ಷರ ಓಡಲಿ. ಹಳ್ಳಿಗಳಿಗೆ ಮುಟ್ಟಿಸಲು ಸರ್ಕಾರದ ಹತ್ತಿರ ಆಗಲೇ ಜನ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ವಿಆರ್‌ಡಬ್ಲ್ಯೂಗಳಿಗೆ ಯಾರ ಮನೆಯಲ್ಲಿ ಯಾರಿಗೆ ಏನು ಕಷ್ಟ ಎಂಬುದು ಬಾಯಿಪಾಠ. ಅಲ್ಪ ಗೌರವಧನಕ್ಕೆ ದುಡಿಯುವ ಅವರನ್ನು ಬೇರೆ ಕೆಲಸಗಳಿಗೆ ಓಡಾಡಿಸುವ ಬದಲು ಇಂಥ ಹೊತ್ತಿನಲ್ಲಿ ಈ ಕೆಲಸಕ್ಕೆ ಬಿಡಿ. ಆಶಾ ಕಾರ್ಯಕರ್ತೆಯರಿಗೂ ಒಂದು ಮಾತು ಹೇಳಿಕೊಡಿ: ಎದುರಿನವರು ಎಲ್ಲದಕ್ಕೂ ಹೂಂ ಎನ್ನುತ್ತಿದ್ದರೆ ಅರ್ಥವಾಯಿತು ಎಂದುಕೊಳ್ಳಬೇಡಿ, ಏನು ಹೇಳಿದೆ ಎಂದು ತಿರುಗಿ ಕೇಳಿ.

ಇವುಗಳಲ್ಲಿ ಬಹುಪಾಲಕ್ಕೆ ಬಜೆಟ್ ಬೇಕಾಗಿಲ್ಲ. ಮೊದಲನೆಯದಕ್ಕೆ ಒಂದು ಸಹಿ ಸಾಕು.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಉತ್ತರ ಬರುತ್ತದೆ ಎಂದು ನಂಬಿದ್ದೇನೆ. ದಯವಿಟ್ಟು ಬರವಣಿಗೆಯಲ್ಲಿ ಕಳಿಸಿ, ಫೋನ್ ಮಾಡಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಚೆ ನೌಕರಳು

ಪ್ರತಿ: ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ರಾಜ್ಯ ಆಯುಕ್ತರು, ಬೆಂಗಳೂರು, ಇವರ ಅವಗಾಹನೆಗೆ.